ಉಪ್ಪಿನ ಕೋಟೆಗೆ ದಾರಿ

ಅಪ್ಪಾ,

ನೀನು ಹೋದ ಮೇಲೆ ಮೊದಲ ಸಲ ಇವತ್ತು ನಮ್ಮ ರೂಸೆ ಊರಿನ ಪೇಟೆಯ ಪುಸ್ತಕದಂಗಡಿಗೆ ಹೋಗಿದ್ದೆ. ಇಲ್ಲದ ರಾಜ್ಯಗಳ ಆ ದಪ್ಪ ಕಾದಂಬರಿ ಇಡಿಯಾಗಿ ಸಿಕ್ಕಿತು. ಇಬ್ಬರೂ ಒಟ್ಟಿಗೇ ಓದಲೆಂದು ನೀನು ಬ್ರೆಡ್ ಚಾಕುವಿನಿಂದ ಎರಡು ಹೋಳು ಮಾಡಿದ್ದೆಯಲ್ಲ, ಅದೇ. "ಇದೇನು, ಓದೋಕೋ ತಿನ್ನೋಕೋ?" ಎಂದಿದ್ದಳು ಅಮ್ಮ. ಆಗಲೇ ಅರ್ಧ ದಾಟಿದ್ದ ನನಗೆ ಎರಡನೆಯ ಅರ್ಧ ಬಂತು. ಪುಸ್ತಕದ ಮೊದಲಲ್ಲಿದ್ದ ಆ ರಾಜ್ಯಗಳ ನಕ್ಷೆ ನಿನ್ನ ಅರ್ಧದಲ್ಲೇ ಉಳಿಯಿತು.

"ಸೈನ್ಯ ಹೊರಟಿರೋ ಉಪ್ಪಿನ ಕೋಟೆ ಎಲ್ಲಪ್ಪಾ?" ಎಂದು ನಾನು ಒಳಗಿನಿಂದ ಕೂಗಿದರೆ, ಬಾಲ್ಕನಿಯಲ್ಲಿ ಅಡುಗೆಗೆಂದು ದಪ್ಪ ಮೆಣಸಿನಕಾಯಿ ಸುಡುತ್ತಿದ್ದ ನೀನು, "ನದಿ ದಾಟಿ ಎಡಕ್ಕೆ ಕಣೆ, ಎಷ್ಟು ಸಲ ಹೇಳ್ಲಿ?" ಎನ್ನುತ್ತಿದ್ದೆ.

ಇವತ್ತು ನಕ್ಷೆ ನೋಡಿದೆ. ಕೋಟೆ ಇರುವುದು ಬಲಕ್ಕೆ. ಮೆಣಸಿನಕಾಯಿ ಬಿಟ್ಟು ನೀನು ನಕ್ಷೆ ತೆರೆದೇ ಇರಲಿಲ್ಲವೆಂದು ಕಾಣುತ್ತದೆ. ನಗು ಬಂತು. ಆಮೇಲೆ ನಕ್ಷೆಯ ಹಾಳೆ ಮಡಚಿಟ್ಟು ಓದಲು ಕೂತೆ. ನನ್ನ ಕಣ್ಣಮುಂದೆ ಸೈನ್ಯ ನದಿ ದಾಟಿತು, ನೀನು ಹೇಳಿದಂತೆ ಎಡಕ್ಕೇ ತಿರುಗಿತು.