ಎಡಕ್ಕೆ ವಾಲುವ ಬೊಂಬು

೩ ಜೂನ್ ೧೯೩೭, ಮಸ್ಕಿ

ಪೆನಾಂಗಿನಿಂದ ಊರಿಗೆ ಬಂದು ಐದು ದಿನ. ಮಲಗಿದರೆ ಇನ್ನೂ ಹಡಗಿನಲ್ಲೇ ಇದ್ದ ಹಾಗೆ. ಬೆಳಿಗ್ಗೆ ಮಾಳಿಗೆ ಹತ್ತಿ ಹುಲ್ಲು ಕಿತ್ತೆ, ಸೋರುವ ಕಡೆ ಮಣ್ಣು ಹಾಕಿ ತುಳಿದೆ. ಪ್ರತಿ ವರ್ಷ ಬಂದ ಕೂಡಲೇ ಇದೇ ಕೆಲಸ. ಮಳೆಗಾಲ ಕಳೆಯುವ ತನಕ ಸರ್ಕಸ್ಸಿನ ಟೆಂಟ್ ಇಲ್ಲ, ಬ್ಯಾಂಡ್ ಇಲ್ಲ. ನಾವೂ ಊರಿನವರೇ.

ಗದ್ದೆಮ್ಮ ಟ್ರಂಕ್ ಬಿಚ್ಚಿ ಸರ್ಕಸ್ ಬಟ್ಟೆ ಹಿತ್ತಲಲ್ಲಿ ಒಣಹಾಕಿದಳು. ಮೇಲೆ ಸೀರೆ ಮುಚ್ಚಿ. ಆ ಮಿಂಚಿನ ಚಡ್ಡಿ ಓಣಿಯ ಹೆಂಗಸರ ಕಣ್ಣಿಗೆ ಬಿದ್ದರೆ ದೀಪಾವಳಿವರೆಗೆ ಅದೇ ಮಾತು. ಪೆನಾಂಗಿನಲ್ಲಿ ನನ್ನ ಈ ಹೆಂಡತಿಯೇ ಮಿಸ್ ರೋಜಾ. ಗೋಡೆ ಗೋಡೆಗೂ ಅವಳ ಚಿತ್ರ. ಚಿತ್ರದಲ್ಲಿ ನಾನಿಲ್ಲ, ಅವಳು ಹತ್ತಿ ನಿಂತ ಬೊಂಬಿನ ಬುಡದ ತನಕ ಬಂದು ಕಾಗದ ಮುಗಿದುಹೋಗಿದೆ.

ಎಡಗಿವಿ ಗುಂಯ್ ಅನ್ನುವುದು ನಿಂತಿಲ್ಲ. ಹಡಗು ಇಳಿದರೆ ಸರಿಹೋಗುತ್ತದೆ ಅಂದುಕೊಂಡಿದ್ದೆ.

ಈ ನೋಟ್‌ಬುಕ್ ಕಂಪನಿಯ ಗುಮಾಸ್ತ ಕೊಟ್ಟದ್ದು. ಗದ್ದೆಮ್ಮನಿಗೆ ಓದಲು ಬರುವುದಿಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

೯ ಜೂನ್

ಬಾವಿಯಲ್ಲಿ ನೀರು ಸೇದುವಾಗ ನೆಲ ಎಡಕ್ಕೆ ಜಾರಿತು. ಜಾರಿದ್ದು ನಾನು. ಕಲ್ಲು ಹಿಡಿದು ನಿಂತೆ. ಯಾರೂ ನೋಡಲಿಲ್ಲ.

ಪೆನಾಂಗಿನ ಕೊನೇ ವಾರದಲ್ಲೂ ಹೀಗೇ ಆಗಿತ್ತು. ಇಪ್ಪತ್ತೆರಡು ಅಡಿ ಬೊಂಬು ನನ್ನ ಹೆಗಲ ಮೇಲೆ. ತುದಿಯ ಕುಣಿಕೆಯಲ್ಲಿ ಒಂದು ಕಾಲಿಟ್ಟು, ಎರಡೂ ಕೈ ಬಿಟ್ಟು, ಗದ್ದೆಮ್ಮ. ಬೊಂಬು ಒಂದು ಗೇಣು ಎಡಕ್ಕೆ ಹೋಯಿತು. ಜನ ಅದೂ ಆಟವೇ ಅಂತ ಚಪ್ಪಾಳೆ ಹೊಡೆದರು. ನಮ್ಮ ಆಟಕ್ಕೆ ಕೆಳಗೆ ಬಲೆ ಕಟ್ಟುವುದಿಲ್ಲ. ಕಟ್ಟಿದರೆ ಟಿಕೆಟ್ ಹೋಗುವುದಿಲ್ಲ ಅನ್ನುತ್ತಾರೆ ಮ್ಯಾನೇಜರ್.

ಆವತ್ತು ಕೆಳಗಿಳಿದವಳು ಏನೂ ಕೇಳಲಿಲ್ಲ. ಅವಳಿಗೆ ಗೊತ್ತಾಗಿಲ್ಲ. ಗೊತ್ತಾಗಬಾರದು.

೨೪ ಜೂನ್

ಲಿಂಗಸುಗೂರಿಗೆ ಹೋಗಿದ್ದೆ. ಮನೆಯಲ್ಲಿ ಹೇಳಿದ್ದು ಹಗ್ಗ ತರಲು ಅಂತ. ದವಾಖಾನೆಯ ಡಾಕ್ಟರ್ ಕಿವಿಯಲ್ಲಿ ನಳಿಗೆ ಇಟ್ಟು ನೋಡಿದರು. ಕಣ್ಣು ಮುಚ್ಚಿಸಿ ನಡೆಸಿದರು. ಕಣ್ಣು ಬಿಟ್ಟಾಗ ಎಡಗಡೆಯ ಗೋಡೆಯ ಹತ್ತಿರ ಇದ್ದೆ. ಕಿವಿಯ ಒಳಗಡೆಯ ರೋಗವಂತೆ, ಔಷಧಿ ಇಲ್ಲವಂತೆ, ಹೆಚ್ಚಲೂಬಹುದು, ಹೀಗೇ ಇರಲೂಬಹುದು. ಎತ್ತರದ ಮೇಲೆ ಹತ್ತಬೇಡ ಅಂದರು.

ನಾನು ಹತ್ತುವುದಿಲ್ಲ ಸಾಹೇಬರೇ, ನನ್ನ ಮೇಲೆ ಹತ್ತುತ್ತಾರೆ — ಬಾಯಿಗೆ ಬಂತು, ನುಂಗಿದೆ.

ಹಗ್ಗ ಮರೆತು ಬಂದೆ. ಗದ್ದೆಮ್ಮ ಕೇಳಲಿಲ್ಲ.

೧೨ ಆಗಸ್ಟ್

ನಿನ್ನೆ ಪಂಚಮಿ. ಊರಿಗೆ ಬಂದ ಮೇಲೆ ಪಂಚಮಿವರೆಗೆ ಬೊಂಬು ಮುಟ್ಟಬಾರದು, ಇದು ನಮಗೆ ಆಟ ಕಲಿಸಿದ ಉಸ್ತಾದರ ಕಟ್ಟಳೆ. ಎರಡು ತಿಂಗಳು ಆ ಕಟ್ಟಳೆಯ ಹಿಂದೆ ಅವಿತುಕೊಂಡಿದ್ದೆ. ಇನ್ನು ಅವಿತುಕೊಳ್ಳಲು ಜಾಗವಿಲ್ಲ.

ಕಂಪನಿಯ ಬೊಂಬು ಮದ್ರಾಸಿನ ಗೋಡೌನಿನಲ್ಲಿರುತ್ತದೆ. ಪ್ರ್ಯಾಕ್ಟೀಸಿಗೆ ಸಿಂಧನೂರು ಸಂತೆಯಿಂದ ಹೊಸದು ತಂದೆವು. ಗದ್ದೆಮ್ಮನೇ ಒಂದೊಂದನ್ನೂ ಬೆರಳಲ್ಲಿ ಬಡಿದು ಆರಿಸಿದಳು. ಬಂಡಿಯಲ್ಲಿ ಬರುವಾಗ ಅದು ಹಿಂದೆ ಉದ್ದಕ್ಕೆ ಚಾಚಿತ್ತು, ನನಗೆ ಅದನ್ನು ತಿರುಗಿ ನೋಡಲೂ ಹೆದರಿಕೆ.

ಇವತ್ತು ಬೆಳಿಗ್ಗೆ ಗುಡ್ಡದ ಕೆಳಗಿನ ಬಯಲಲ್ಲಿ ಅದಕ್ಕೆ ಕುಣಿಕೆ ಕಟ್ಟಿದೆವು. ಬೊಂಬಿನ ನಡುವೆ ಕೆಂಪು ಬಟ್ಟೆ. ಕೆಳಗೆ ನಿಂತವನು ಆ ಬಟ್ಟೆ ಮಾತ್ರ ನೋಡಬೇಕು, ಮೇಲಿನವಳ ಮುಖ ನೋಡಬಾರದು. ಮುಖ ನೋಡಿದರೆ ಜೀವ ಅಂಜುತ್ತದೆ, ಜೀವ ಅಂಜಿದರೆ ಹೆಗಲು ಅಲುಗುತ್ತದೆ — ಅದೂ ಉಸ್ತಾದರದೇ. ಏಳು ವರ್ಷವಾಯಿತು, ತುದಿಯಲ್ಲಿ ಗದ್ದೆಮ್ಮ ಹೇಗೆ ಕಾಣುತ್ತಾಳೆ ಅಂತ ನಾನು ನೋಡೇ ಇಲ್ಲ.

ಅವಳು ಹತ್ತಿದಳು. ಬೊಂಬು ನೆಟ್ಟಗೆ ನಿಂತಿತು! ಅಲುಗಲಿಲ್ಲ. ಇಳಿದ ಮೇಲೆ ಬಂಡೆಯ ಮರೆಗೆ ಹೋಗಿ ಅತ್ತುಬಿಟ್ಟೆ.

೧೪ ಆಗಸ್ಟ್

ಗದ್ದೆಮ್ಮ ಸಾಲಗುಂದಕ್ಕೆ, ಅಕ್ಕನ ಮನೆಗೆ ಹೋಗಿದ್ದಾಳೆ. ಇದೇ ಸಮಯ ಅಂತ ಅವಳ ತೂಕದಷ್ಟು ಜೋಳ ಚೀಲಕ್ಕೆ ತುಂಬಿದೆ. ಬೊಂಬನ್ನು ಮಾಳಿಗೆಗೆ ಒರಗಿಸಿ, ಮೇಲೆ ಹತ್ತಿ ತುದಿಗೆ ಚೀಲ ಕಟ್ಟಿ, ಇಳಿದು ಬಂದು ಹೆಗಲಿಗೆ ತಗೊಂಡೆ.

ಇಪ್ಪತ್ತು ಎಣಿಸುವಷ್ಟರಲ್ಲಿ ಬಿತ್ತು. ಎಡಕ್ಕೆ.

ಮತ್ತೆ ಕಟ್ಟಿದೆ. ಎಡಕ್ಕೆ. ಮೂರನೇ ಸಲ ಚೀಲ ಒಡೆದು ಅಂಗಳದ ತುಂಬ ಜೋಳ. ಪಕ್ಕದ ಮನೆಯ ಜುಬೇದಾಬೀ ಗೋಡೆಯ ಮೇಲಿಂದ ನೋಡಿದಳು. ಏನಪ್ಪಾ ಲಾಲಪ್ಪ, ಕೋಳಿಗೆ ಹಬ್ಬ ಮಾಡಾಕತ್ತೀಯೇನು ಅಂದಳು. ನಕ್ಕೆ. ಕೂತು ಕಾಳು ಆರಿಸಿದೆ. ಒಡೆದ ಚೀಲವನ್ನು ನೋಡಲಾಗಲಿಲ್ಲ.

೧೯ ಆಗಸ್ಟ್

ಗದ್ದೆಮ್ಮ ಬಂದಳು. ಹತ್ತಿದಳು. ನೆಟ್ಟಗೆ.

ಚೀಲಕ್ಕೆ ಜೀವವಿಲ್ಲ, ಹೆಣದ ಭಾರ, ಅದಕ್ಕೇ ಬೀಳುತ್ತದೆ — ಹೀಗೆ ಮನಸ್ಸಿಗೆ ಸಮಾಧಾನ ಹೇಳುತ್ತಿದ್ದೇನೆ. ಮನಸ್ಸು ಕೇಳುತ್ತಿಲ್ಲ.

ಜುಬೇದಾಬೀ ದಿನಾ ಬಂದು ಗದ್ದೆಮ್ಮನ ಬಲ ಸೊಂಟಕ್ಕೆ ಉಪ್ಪಿನ ಶಾಖ ಕೊಡುತ್ತಾಳೆ. ಹಡಗಿನ ಹಲಗೆಯ ಮೇಲೆ ಮಲಗಿ ಹಿಡಿದುಕೊಂಡಿದೆಯಂತೆ. ಊರಿಗೆ ಬಂದು ಮೂರು ತಿಂಗಳಾಗುತ್ತ ಬಂತು. ಇನ್ನೂ ಹಲಗೆಯೇ?

೨ ಸೆಪ್ಟೆಂಬರ್

ಇವತ್ತು ನೋಡಿದೆ.

ಬಿಸಿಲು ಬೆನ್ನಿಗಿತ್ತು. ಗಾಳಿಗೆ ಕೆಂಪು ಬಟ್ಟೆ ಬೊಂಬಿಗೆ ಸುತ್ತಿಕೊಂಡಿತು. ಕಣ್ಣು ಜಾರಿ ಎದುರಿನ ಬಂಡೆಯ ಮೇಲೆ ಬಿತ್ತು. ಅಲ್ಲಿ ನಮ್ಮ ನೆರಳು. ನೆಟ್ಟಗಿದ್ದೇನೆ ಅಂದುಕೊಂಡ ನಾನು ಕೊಂಚ ಎಡಕ್ಕೆ. ಬೊಂಬು ನೆಟ್ಟಗೆ. ತುದಿಯಲ್ಲಿ ಗದ್ದೆಮ್ಮ — ಇಡೀ ಮೈ ಬಲಕ್ಕೆ ಚಾಚಿ ಜೋತುಬಿದ್ದಿದ್ದಳು.

ನಾನು ಎಡಕ್ಕೆ ವಾಲುತ್ತಿದ್ದೇನೆ. ಅವಳು ಬಲಕ್ಕೆ ವಾಲಿ ಸರಿ ಮಾಡುತ್ತಿದ್ದಾಳೆ. ಆ ಸೊಂಟ ಹಿಡಿದದ್ದು ಅದಕ್ಕೇ. ನಾನು ಅವಳನ್ನು ಹೊತ್ತಿದ್ದೇನೆ ಅಂದುಕೊಂಡರೆ ಅವಳೇ ಮೇಲಿನಿಂದ ನನ್ನನ್ನು ಹಿಡಿದುಕೊಂಡಿದ್ದಾಳೆ. ಎಷ್ಟು ದಿನದಿಂದ?

ಕೇಳಲಿಲ್ಲ. ಎದುರಿಗೆ ಕೂತು ರೊಟ್ಟಿ ತಟ್ಟುತ್ತಿದ್ದಳು, ನನಗೆ ಅವಳು ಬಿದ್ದ ಹಾಗೇ ಕಾಣುತ್ತಿತ್ತು.

೪ ಸೆಪ್ಟೆಂಬರ್

ಅವಳಿಗೆ ಹೇಳದೆ ಮ್ಯಾನೇಜರಿಗೆ ಕಾಗದ ಬರೆದೆ. ಮೈ ಸರಿಯಿಲ್ಲ, ಈ ಸಲ ಇಬ್ಬರೂ ಬರುವುದಿಲ್ಲ ಅಂತ. ನಾನೇ ಸಿಂಧನೂರಿಗೆ ಹೋಗಿ ಟಪಾಲಿಗೆ ಹಾಕಿ ಬಂದೆ. ಪ್ರ್ಯಾಕ್ಟೀಸಿಗೆ ಹೆಗಲುನೋವಿನ ನೆಪ ಹೇಳಿದ್ದೇನೆ. ಎಷ್ಟು ದಿನ ನಡೆಯುತ್ತದೋ.

೨೭ ಸೆಪ್ಟೆಂಬರ್

ಉತ್ತರ ಬಂತು. ಲಾಲಪ್ಪ ಆರಾಮ ಮಾಡಲಿ, ಮಿಸ್ ರೋಜಾ ಒಬ್ಬಳೇ ಬಂದರೆ ಸಾಕು, ಕೆಳಗೆ ನಿಲ್ಲಲು ಗಟ್ಟಿ ಆಳು ಸಿಕ್ಕಿದ್ದಾನೆ, ಹೊಸಬ, ಬೇಗ ಕಲಿಯುತ್ತಾನೆ. ಮದ್ರಾಸಿನಿಂದ ಹಡಗು ಅಕ್ಟೋಬರ್ ಇಪ್ಪತ್ತಕ್ಕೆ.

ಹೊಸಬ. ಬೇಗ ಕಲಿಯುತ್ತಾನೆ! ಯಾರ ಮೇಲೆ ಕಲಿಯುತ್ತಾನೆ?

ಕಾಗದ ಏನಂತ ಗದ್ದೆಮ್ಮ ಕೇಳಿದಳು. ಯೋಗಕ್ಷೇಮ ಅಂದೆ. ಸರ್ಕಸ್ ಮುಚ್ಚಿಹೋಯಿತು ಅಂದಿದ್ದರೂ ನಂಬುತ್ತಿದ್ದಳು. ಅಷ್ಟು ದೊಡ್ಡ ಸುಳ್ಳಿಗೆ ನಾಲಿಗೆ ಏಳಲಿಲ್ಲ.

೩ ಅಕ್ಟೋಬರ್

ಆರು ದಿನ ಇಟ್ಟುಕೊಂಡೆ. ಇವತ್ತು ಎಲ್ಲ ಹೇಳಿದೆ. ಕಿವಿ, ಡಾಕ್ಟರು, ಜೋಳದ ಚೀಲ, ನೆರಳು. ಕಾಗದವನ್ನೂ ಇದ್ದ ಹಾಗೇ ಓದಿದೆ. ಹೆಸರುಕಾಳು ಹಸನು ಮಾಡುತ್ತಿದ್ದವಳು ಮೊರ ಕೆಳಗಿಡಲಿಲ್ಲ. ಪೆನಾಂಗಿನಿಂದಲೇ ಗೊತ್ತಿತ್ತಂತೆ.

ಯಾಕೆ ಹೇಳಲಿಲ್ಲ ಅಂದೆ.

“ಹೇಳಿದ್ರ ನೀವು ಅಂಜತಿದ್ರಿ. ಅಂಜಿದ್ರ ಇನ್ನೂ ವಾಲತಿದ್ರಿ.”

ಬಿಟ್ಟುಬಿಡೋಣ, ಇಲ್ಲೇ ಇರೋಣ, ಯಾರದಾದರೂ ಹೊಲದಲ್ಲಿ ದುಡಿದು ಉಣ್ಣೋಣ ಅಂದೆ. ಕಾಳು ಎರಡು ಸಲ ಕೇರಿದಳು. ಆಮೇಲೆ, ತಾನು ಒಬ್ಬಳಾದರೂ ಹೋಗುತ್ತೇನೆ ಅಂದಳು. ಆ ಹೊಸಬನ ಹೆಗಲ ಮೇಲೆ ಹತ್ತುತ್ತೀಯೇನು ಅಂತ ಕೇಳಿದೆ.

“ನೀವು ಬಂದ್ರ ಯಾಕ ಹತ್ತಲಿ? ನೀವು ಎಷ್ಟು ವಾಲತೀರಿ, ಯಾವಾಗ ವಾಲತೀರಿ, ನನಗ ಗೊತ್ತೈತ್ರಿ. ಅವಂದು ಗೊತ್ತಿಲ್ಲ.”

ಅವಳ ಪಕ್ಕ ಕೂತು ಮೊರದೊಳಗಿನ ಕಲ್ಲು ಆರಿಸಿದೆ.

೫ ಅಕ್ಟೋಬರ್

ಮತ್ತೆ ಶುರು ಮಾಡಿದೆವು. ಇವತ್ತು ಮಾಡಬಾರದ್ದು ಮಾಡಿದೆ. ಅಷ್ಟು ಹಠ ಯಾಕೆ ಇವಳಿಗೆ ಅನ್ನುವುದು ತಲೆಯಿಂದ ಹೋಗಲಿಲ್ಲ. ಬಟ್ಟೆ ಬಿಟ್ಟು ಮುಖ ನೋಡಿದೆ.

ನಗುತ್ತಿದ್ದಳು. ಸೊಂಟ ಸೆಳೆಯುತ್ತಿದ್ದರೂ, ಮೈ ಬಲಕ್ಕೆ ಚಾಚಿದ್ದರೂ ನಗುತ್ತಿದ್ದಳು, ಯಾರಿಗೂ ಅಲ್ಲ, ತನ್ನಷ್ಟಕ್ಕೆ. ಹತ್ತು ವರ್ಷದ ಸಂಸಾರದಲ್ಲಿ, ಈ ಮನೆಯಲ್ಲಿ, ಹಾಗೆ ನಕ್ಕಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಇಲ್ಲಿ ತಲೆ ತುಂಬ ಸೆರಗು, ಓಣಿಯ ಮಾತು. ಅಲ್ಲಿ ಮೇಲೆ ಯಾರೂ ಇಲ್ಲ.

ಹೆಗಲು ಅಲುಗಿತು. ಬೊಂಬು ತೂಗಿತು.

“ಬಟ್ಟಿ ನೋಡ್ರಿ,” ಅಂದಳು ಮೇಲಿನಿಂದ, ಮೆಲ್ಲಗೆ. “ನನ್ನ ನೋಡಬ್ಯಾಡ್ರಿ.”

ನೋಡಿದೆ. ನಿಂತಿತು. ಇಳಿದವಳು ಏನೂ ಆಗದವಳ ಹಾಗೆ ಮನೆಗೆ ಹೋಗಿ ಒಲೆ ಹಚ್ಚಿದಳು. ಇಬ್ಬರೂ ಬರುತ್ತೇವೆ ಅಂತ ಮ್ಯಾನೇಜರಿಗೆ ಬರೆದೆ. ಇನ್ನೇನು ಬರೆಯಲಿ. ಅವಳಿಂದ ಅದನ್ನು ಕಿತ್ತುಕೊಳ್ಳಲು ನನಗಾಗುವುದಿಲ್ಲ. ಇನ್ನೊಬ್ಬನ ಕೈಗೆ ಕೊಡಲೂ ಆಗುವುದಿಲ್ಲ.

೧೧ ಅಕ್ಟೋಬರ್

ದಿನಾ ಎರಡು ಸಲ. ತಪ್ಪಿಲ್ಲ. ನಾನು ಒಂದು ಗೇಣು ಎಡಕ್ಕೆ, ಅವಳು ಒಂದು ಗೇಣು ಬಲಕ್ಕೆ. ಈಗ ಅದನ್ನೂ ಲೆಕ್ಕದಲ್ಲಿಟ್ಟೇ ಆಡುತ್ತಿದ್ದೇವೆ, ಆಟ ಮೊದಲಿನಿಂದಲೂ ಹೀಗೇ ಇತ್ತು ಅನ್ನುವ ಹಾಗೆ. ಹೆದರಿಕೆ ಹೋಗಿಲ್ಲ. ಆದರೆ ಹೆದರಿಕೆಗೆ ಒಂದು ದಿಕ್ಕು ಸಿಕ್ಕಿದೆ, ಅಷ್ಟೇ ಪುಣ್ಯ.

೧೭ ಅಕ್ಟೋಬರ್, ಬೆಳಿಗ್ಗೆ ಏಳು

ಎಂಟಕ್ಕೆ ರಾಯಚೂರಿನ ಬಸ್ಸು. ಅಲ್ಲಿಂದ ರೈಲು. ಬೀಗದ ಕೈ ಜುಬೇದಾಬೀಗೆ ಕೊಟ್ಟಾಯಿತು. ಬೊಂಬು ಹಿತ್ತಲ ಗೋಡೆಗೆ ಕಟ್ಟಿದೆ. ಗದ್ದೆಮ್ಮ ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದಾಳೆ. ಬೆಳಗಿನಿಂದ ಗುನುಗುತ್ತಿದ್ದಾಳೆ.

ಅದೇ ದಿನ, ಏಳೂವರೆ

ಚಪ್ಪಲಿ ಹಾಕಿಕೊಳ್ಳಲು ಬಗ್ಗಿದೆ. ಬಿದ್ದೆ. ಬಾಗಿಲ ಚೌಕಟ್ಟಿಗೆ ಭುಜ ಬಡಿಯಿತು. ಅವಳು ಹೊರಗಿದ್ದಳು, ಕಾಣಲಿಲ್ಲ.

ಬಡಿದದ್ದು ಬಲಭುಜ.

ಎದ್ದು ಮತ್ತೆ ನಿಂತು ನೋಡಿದೆ. ಕಣ್ಣು ಮುಚ್ಚಿ ನಾಲ್ಕು ಹೆಜ್ಜೆ ಇಟ್ಟೆ. ಬಲಕ್ಕೆ. ಇನ್ನೊಮ್ಮೆ ಇಟ್ಟೆ. ಬಲಕ್ಕೇ. ಈಗ ಬಲಗಿವಿಯೂ ಗುಂಯ್ ಅನ್ನುತ್ತಿದೆ.

ಅವಳಿಗೆ ಗೊತ್ತಿರುವುದು ಎಡಕ್ಕೆ ವಾಲುವವನು. ನಾನು ಬಲಕ್ಕೆ ಹೋಗುವಾಗ ಅವಳೂ ಬಲಕ್ಕೆ ಚಾಚಿದರೆ...

ಈಗಲೇ ಹೇಳಬೇಕು. ಹೇಳಿದರೆ ಹತ್ತದೆ ಬಿಡುತ್ತಾಳೆಯೇ? ಹೊಸಬನ ಮೇಲೆ ಹತ್ತುತ್ತಾಳೆ. ಹೇಳದಿದ್ದರೆ —

ಬಸ್ಸಿನ ಹಾರ್ನ್, ಹೊತ್ತಿಗೆ ಮುಂಚೆಯೇ. ಟ್ರಂಕ್ ತಲೆಯ ಮೇಲಿಟ್ಟುಕೊಂಡು ಆಗಲೇ ಅಂಗಳ ದಾಟಿದಳು. ಬರ್ರಿ ಲಗೂನ ಅಂತ ಕರೆಯುತ್ತಿದ್ದಾಳೆ. ನಗುತ್ತಿದ್ದಾಳೆ, ನೆಲದ ಮೇಲೆ, ನನ್ನನ್ನು ನೋಡಿ, ಇದೇ ಮೊದಲ ಸಲ.