ಹಸನು ಮಾಡಿದ ಹಿತ್ತಲು

ಇಂದೂರ, ತಾ. ಮುಂಡಗೋಡ
೧೪ ಜುಲೈ ೨೦೨೫, ಸೋಮವಾರ

ನಮ್ಮ ಮನೆಯವರಿಗೆ ಸುನಂದಾಳ ನಮಸ್ಕಾರ.

ನಿಮ್ಮ ಮೈ ಹೇಗಿದೆ? ಮೊಣಕೈ ಮಡಿಕೆಯಲ್ಲಿ, ಕುತ್ತಿಗೆಯ ಹಿಂದೆ ಮತ್ತೆ ಕೆರೆತ ಶುರುವಾಗಿದೆಯೋ ಇಲ್ಲವೋ, ಸುಳ್ಳು ಹೇಳದೆ ಬರೆಯಿರಿ. ಜೋಯಿಡಾದ ಮಳೆಗೆ ಬಟ್ಟೆ ಒಣಗುವುದಿಲ್ಲ ಅಂತ ಹಸಿ ಅಂಗಿ ಹಾಕಿಕೊಂಡು ತಿರುಗಬೇಡಿ, ಒಲೆಯ ಹತ್ತಿರ ಹರವಿ ಒಣಗಿಸಿ. ನೀವು ರೆಸಾರ್ಟಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತೀರಿ ಅಂದರೆ ಇಲ್ಲಿ ಯಾರೂ ನಂಬುವುದಿಲ್ಲ. ಈ ಮನೆಯಲ್ಲಿ ಒಂದು ತಂಬಿಗೆ ನೀರನ್ನೂ ತಾವಾಗಿ ತೆಗೆದುಕೊಂಡವರಲ್ಲ ನೀವು. ನಾನು ಮಾತ್ರ ನಂಬುತ್ತೇನೆ. ಮೂರು ವರ್ಷದ ಹಿಂದೆ ಶಿವರಾತ್ರಿಗೆ ಬಂದಾಗ ನನಗಿಂತ ತೆಳ್ಳಗೆ ಬಡಿದು, ಅದನ್ನು ಅತ್ತೆಯ ಎದುರಿಗೇ ಹೇಳಿಕೊಂಡಿರಿ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಇಲ್ಲಿ ಗೋವಿನಜೋಳ ಮೊಣಕಾಲಿಗೆ ಬಂದಿದೆ. ಆಕಳು ಹಾಲು ಕಡಿಮೆ ಮಾಡಿದೆ. ಅತ್ತೆಗೆ ಎದೆ ಬಹಳ ಸೋತಿದೆ, ದೂರದ ಬಸ್ಸು ಹತ್ತಿಸಲೇಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ನಾನಾದರೂ ವರ್ಷಕ್ಕೆ ಎರಡು ಸಲ ಬಂದು ನಿಮ್ಮ ಮುಖ ನೋಡುತ್ತೇನೆ, ಅವರು ನೋಡಿ ಮೂರು ವರ್ಷವಾಯಿತು. ಪಂಚಮಿಗೆ ಇನ್ನು ಹದಿನೈದೇ ದಿನ. ಉಂಡಿಗೆ ಬೇಕಾದ ಎಳ್ಳು, ಶೇಂಗಾ ಎಲ್ಲ ಆರಿಸಿ ಡಬ್ಬಿಗೆ ತುಂಬಿಟ್ಟಿದ್ದಾರೆ. ಓಣಿಯಲ್ಲಿ ಹೋಗುವವರನ್ನೆಲ್ಲ ಕರೆದು ಹೇಳುತ್ತಾರೆ: "ನಮ್ಮ ಶೇಖಪ್ಪ ಪಂಚಮಿಗೆ ಬರ್ತಾನ್ರೀ. ಈ ಸಲ ಬಂದಾಂವ ಹೊಳ್ಳಿ ಹೋಗೂದಿಲ್ಲ."

ಈಗ ಬರೆಯುವುದರಲ್ಲಿ ಅರ್ಧ ನಿಮಗೆ ಗೊತ್ತಿದ್ದದ್ದೇ. ಆದರೂ ಮೊದಲಿನಿಂದ ಬರೆಯುತ್ತೇನೆ, ಬರೆಯುತ್ತಾ ಹೋದರೆ ಮುಂದಿನದನ್ನು ಬರೆಯುವ ಧೈರ್ಯ ಬಂದೀತು. ನಿಮ್ಮ ಮೈ ಒಡೆದು ನೀರು ಸೋರುತ್ತಿದ್ದಾಗ ಹುಬ್ಬಳ್ಳಿಯ ಚರ್ಮದ ಡಾಕ್ಟರು, ಇದು ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಕಸದ ಅಲರ್ಜಿ, ಆ ಕಸ ಇರುವಲ್ಲಿ ನೀವು ಇರಬೇಡಿ ಅಂದರು. ಆ ಕಸ ಎಲ್ಲಿಲ್ಲ? ಬದುವಿನಲ್ಲಿ, ಹಿತ್ತಲಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಶಾಲೆಯ ಮೈದಾನದಲ್ಲಿ, ಎಲ್ಲ ಕಡೆಯೂ ಅದೇ. ಕಾಡಿನ ಒಳಗೆ ಕಡಿಮೆ ಅಂತ ನೀವು ಜೋಯಿಡಾಕ್ಕೆ ಹೋದಿರಿ. ಎಲ್ಲಿಯದೋ ದೇಶದ ಕಸ ನಮ್ಮ ಹೊಲದಲ್ಲಿ ಉಳಿಯಿತು, ಹೊಲದ ಯಜಮಾನ ಊರು ಬಿಟ್ಟ. ಆ ಶಿವರಾತ್ರಿಗೆ ಒಂದೇ ಒಂದು ರಾತ್ರಿ ಇಲ್ಲಿ ಮಲಗಿದ್ದಕ್ಕೆ ಬೆಳಗಾಗುವಷ್ಟರಲ್ಲಿ ಕಣ್ಣು ಮುಚ್ಚಿಹೋಗಿ, ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಿರಿ. ಇನ್ನೊಮ್ಮೆ ಹೀಗಾದರೆ ಉಸಿರು ಕಟ್ಟಬಹುದು ಅಂತ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ಅದನ್ನು ನಿಮಗೆ ಇವತ್ತಿನವರೆಗೆ ಹೇಳಿರಲಿಲ್ಲ.

ಆಮೇಲಿನ ವರ್ಷ ಕೃಷಿ ಕಾಲೇಜಿನ ಸುಭಾಸ ಸರ್ ಒಂದು ಡಬ್ಬಿ ಹುಳ ತಂದುಕೊಟ್ಟರು. ತೊಗರಿಕಾಳಿನಷ್ಟು ದಪ್ಪ, ಬಿಳಿ ಬೆನ್ನಿನ ಮೇಲೆ ಕಂದು ಗೆರೆ. ಆ ಕಸದ ದೇಶದ್ದೇ ಹುಳವಂತೆ, ಅದಕ್ಕೆ ಆ ಕಸವೇ ಊಟವಂತೆ. ಹುಳ ಕಂಡರೆ ಹೊಸಕಿ ಹಾಕುವವಳ ಕೈಗೆ ಹುಳ ಕೊಟ್ಟು ಸಾಕು ಅಂದರೆ ಹೇಗಾಗಬೇಡ? ಆದರೂ ಸಾಕಿದೆ. ನಿಮ್ಮನ್ನು ಕರೆದುತರುವ ಹುಳ ಅಂತ ಸಾಕಿದೆ. ಮೊದಲ ವರ್ಷ ಅಲ್ಲೊಂದು ಇಲ್ಲೊಂದು ಕಂಡವು. ಹೋದ ವರ್ಷ ಆಗಸ್ಟಿನ ಹೊತ್ತಿಗೆ ಹಿತ್ತಲಿನ ಕಸದಲ್ಲಿ ಎಲೆಯೇ ಉಳಿದಿರಲಿಲ್ಲ, ಬರೀ ಕಡ್ಡಿ, ಒಂದು ಹೂವೂ ಇಲ್ಲ. ಬರುವ ವರ್ಷ ಓಣಿಯ ತುಂಬ ಹಬ್ಬುತ್ತವೆ ಅಂದರು ಸುಭಾಸ ಸರ್. ನಾನು ಫೋಟೋ ಕಳಿಸಿದೆ. ನಿಮ್ಮಿಂದ "ಬರೂ ಪಂಚಮಿಗೆ ಕೆಲಸಾ ಬಿಟ್ಟ ಬರ್ತೇನಿ" ಅಂತ ಬಂತು. ಆ ದಿನ ನಾನು ಹೊಲಕ್ಕೆ ಬುತ್ತಿ ಒಯ್ಯುವುದನ್ನೇ ಮರೆತೆ.

ಮಳೆ ನಿಂತ ಮೇಲೆ ಆ ಹುಳ ಮಣ್ಣಿನೊಳಗೆ ಹೋಗಿ ಮಲಗುತ್ತವೆ, ಮುಂಗಾರಿಗೆ ಏಳುತ್ತವೆ, ಅಲ್ಲಿಯವರೆಗೆ ಅಲ್ಲಿ ಅಗೆಯಬೇಡಿ ಅಂತ ಸುಭಾಸ ಸರ್ ನನಗೆ ಹೇಳಿದ್ದರು. ಅತ್ತೆಗೆ ನಾನು ಈ ಹುಳದ ಸುದ್ದಿಯನ್ನೇ ಹೇಳಿರಲಿಲ್ಲ. ಎದ್ದು ನಿಂತರೆ ಏದುಸಿರು ಬಿಡುವವರು ಹಿತ್ತಲಿನ ತಂಟೆಗೆ ಹೋಗುತ್ತಾರೆ ಅಂತ ಅನ್ನಿಸಲೇ ಇಲ್ಲ. ಮೇ ತಿಂಗಳಲ್ಲಿ ನಾಲ್ಕು ದಿನ ಮಳಗಿಗೆ, ತವರಿಗೆ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಅತ್ತೆ ಇಬ್ಬರು ಆಳು ಹಚ್ಚಿ ಹಿತ್ತಲು, ಬದು ಎಲ್ಲ ಗುದ್ದಲಿಯಿಂದ ಅಗೆಸಿ, ಒಣ ಕಡ್ಡಿ ಒಟ್ಟಿ ಸುಡಿಸಿ, ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಚೀಲ ಇಳಿಸುವ ಮೊದಲೇ ಶುರು ಮಾಡಿದರು: "ನೋಡವಾ, ಹೆಂಗ ಹಸನ ಮಾಡಿಸೇನಿ. ಮಣ್ಣಾಗ ಎಷ್ಟ ಹುಳಾ ಇದ್ದೂವು ಅಂತಿ! ಮಗ್ಗಲ ಮನಿ ಪರಸಪ್ಪನ ಕೋಳಿ ಬಂದು ಒಂದೂ ಬಿಡಧಂಗ ಆರಿಸಿ ತಿಂದೂವು. ಇನ್ನ ನಮ್ಮ ಶೇಖಪ್ಪಗ ಏನೂ ಆಗೂದಿಲ್ಲ." ಮುಖದಲ್ಲಿ ಎಂಥ ಸಂತೋಷ ಅಂತೀರಿ. ಚಲೋ ಆತ್ರಿ ಅಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ನಾಲ್ಕಾರಾದರೂ ಉಳಿದಿರಬಹುದು ಅಂತ ಕಾಯ್ದೆ. ಮೊದಲ ಮಳೆಯಿಂದ ದಿನಾ ಬೆಳಿಗ್ಗೆ ಒಂದೊಂದೇ ಎಲೆ ಮಗುಚಿ ನೋಡಿದೆ. ಇವತ್ತಿನವರೆಗೆ ಹನ್ನೊಂದು ಹುಳ ಸಿಕ್ಕಿವೆ. ಅಗೆದಿದ್ದಕ್ಕೆ ಕೆಳಗಿದ್ದ ಹಳೆಯ ಬೀಜವೆಲ್ಲ ಮೇಲೆ ಬಂದು, ಕಸ ಎಂದೂ ಇಲ್ಲದಷ್ಟು ದಟ್ಟವಾಗಿ ಎದ್ದಿದೆ. ಸೊಂಟದ ಮಟ್ಟ ಇದೆ, ಹೂವೂ ಬಿಟ್ಟಿದೆ. ಕೀಳುತ್ತಲೇ ಇದ್ದೇನೆ, ಕಿತ್ತಲ್ಲಿ ಎಂಟು ದಿನಕ್ಕೆ ಮತ್ತೆ ಹುಟ್ಟುತ್ತದೆ. ಔಷಧ ಹೊಡೆದು ಒಣಗಿಸೋಣ ಅಂದರೆ ಒಣಗಿದ ಕಸದ ಧೂಳೂ ನಿಮಗೆ ವಿಷವೇ. ಇಷ್ಟು ಕಿತ್ತರೂ ನನಗೆ ಒಂದು ಗುಳ್ಳೆ ಏಳಲಿಲ್ಲ. ನನಗಾದರೂ ಆಗಬಾರದಿತ್ತೇ, ನಿಮ್ಮನ್ನು ಬಿಟ್ಟು? ಸುಭಾಸ ಸರ್ ಬಂದು ನೋಡಿ, ಹೊಸ ಹುಳ ತರುತ್ತೇನೆ, ಆದರೆ "ಇನ್ನ ಎರಡ ಮಳಿಗಾಲ ಕಾಯಬೇಕ್ರೀ ಅಕ್ಕಾರ" ಅಂದರು. ನಾನು ಕಾಯುತ್ತೇನೆ. ಅತ್ತೆಗೆ ಎರಡು ಮಳೆಗಾಲ ಎಲ್ಲಿಂದ ತಂದುಕೊಡಲಿ? ಅವರ ಕಣ್ಣು ಮಬ್ಬಾಗಿದೆ, ಕಿಟಕಿಯಿಂದ ನೋಡಿ "ಹಿತ್ತಲಾ ಹೆಂಗ ಹಸರ ಆಗೇತಿ" ಅಂತ ಖುಷಿ ಪಡುತ್ತಾರೆ. ಒಮ್ಮೊಮ್ಮೆ ಕೂಗಿ ಹೇಳಿಬಿಡಬೇಕು ಅನ್ನಿಸುವಷ್ಟು ಸಿಟ್ಟು ಬರುತ್ತದೆ. ಆ ಎಳ್ಳಿನ ಡಬ್ಬಿ ನೋಡಿ ಮತ್ತೆ ಕಸ ಕೀಳಲು ಹೋಗುತ್ತೇನೆ.

ಪಂಚಮಿಗೆ ಬರಬೇಡಿ. ಒಂದು ದಿನದ ಮಟ್ಟಿಗೂ ಬೇಡ. ಇದನ್ನು ಬರೆಯುವ ಕೈ ನನ್ನದೇ ಅಂತ ನನಗೇ ನಂಬಿಕೆ ಬರುತ್ತಿಲ್ಲ. ಮುಲಾಮು ಹಚ್ಚಿಕೊಳ್ಳುವುದನ್ನು ತಪ್ಪಿಸಬೇಡಿ, ಹೊತ್ತಿಗೆ ಸರಿಯಾಗಿ ಉಣ್ಣಿ. ಬಸವಣ್ಣ ನಿಮ್ಮನ್ನು ತಣ್ಣಗಿಟ್ಟಿರಲಿ.

ನಿಮ್ಮ
ಸುನಂದಾ

ತಾ.ಕ.: ಬಸ್ಸಿನ ಹೊತ್ತಾಯಿತು, ಪರಸಪ್ಪ ಪತ್ರಕ್ಕಾಗಿ ಬಾಗಿಲಲ್ಲಿ ನಿಂತಿದ್ದಾನೆ. ಮುಖ್ಯವಾದದ್ದೇ ಉಳಿಯಿತು. ಹುಳದ ಸುದ್ದಿ ಅತ್ತೆಗೆ ಯಾವ ಕಾರಣಕ್ಕೂ ಹೇಳಬೇಡಿ. ಮಗ ಬರದ ಹಾಗೆ ಮಾಡಿದ್ದು ತಾನೇ ಅಂತ ಗೊತ್ತಾದರೆ ಆ ಎದೆ ತಡೆಯುವುದಿಲ್ಲ. ರಜೆ ಸಿಗಲಿಲ್ಲ ಅಂತಲೂ ಹೇಳಬೇಡಿ, ಮಗನಿಗೆ ನಾನು ಬೇಡವಾದೆ ಅಂತ ಕೊರಗುತ್ತಾರೆ. ನನ್ನ ಜೊತೆ ಜಗಳವಾಗಿದೆ, ಸುನಂದಾ ಇರುವ ಮನೆಗೆ ಬರುವುದಿಲ್ಲ ಅನ್ನಿ. ಕೂಡಲೇ ನಂಬುತ್ತಾರೆ. ಸಾರಿಗೆ ಉಪ್ಪು ಹೆಚ್ಚಾದರೂ ನನ್ನನ್ನು ಬೈಯುವವರು, ಇದಕ್ಕೂ ಬೈಯಲಿ, ಅವರಿಗೆ ಹಗುರಾಗುತ್ತದೆ. ಆದರೆ ಜಗಳ ಅಂದ ಮೇಲೆ ಫೋನಿನಲ್ಲಿ ನಾನು ನಿಮ್ಮ ಜೊತೆ ಮಾತಾಡುವ ಹಾಗಿಲ್ಲ. ಮನೆಯಲ್ಲಿರುವುದು ಒಂದೇ ಫೋನು, ನಿಮ್ಮ ಕರೆ ಬಂದೀತು ಅಂತ ಅವರು ಅದನ್ನು ತಲೆದಿಂಬಿನ ಕೆಳಗೇ ಇಟ್ಟುಕೊಳ್ಳುತ್ತಾರೆ. ಕಿವಿ ಮಂದ, ಅದಕ್ಕೆ ಸ್ಪೀಕರ್ ಹಚ್ಚಿಯೇ ಇರುತ್ತದೆ. ನಾನು ಬಾಗಿಲ ಹಿಂದೆ ನಿಂತಿರುತ್ತೇನೆ. ಅವರ ಜೊತೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಿ.