ಹೊನ್ನೆಹಿತ್ತಲಿನ ದಿಬ್ಬಕ್ಕೆ ಅಕ್ಕ ಹೋದದ್ದು

ಸೆಕೆತಿಂಗಳು ೪೧, ೨೧೯೪

ಕಡಲ ದಂಡೆಯ ನನ್ನ ಹಿರಿಯರಿಗೆ,

ಏಪ್ರಿಲ್, ಮೇ ಎರಡನ್ನೂ ಸೇರಿಸಿ ನಾವೀಗ ಸೆಕೆತಿಂಗಳು ಎನ್ನುತ್ತೇವೆ. ಇಂಥ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ತಿದ್ದಿ ಬರೆಯುವಷ್ಟು ತ್ರಾಣ ನನಗಿಲ್ಲ.

ನನ್ನ ಅಕ್ಕ ಮಾದೇವಿಗೆ ಎಂಬತ್ತನಾಲ್ಕು ವರ್ಷ. ಹುಟ್ಟಿದ್ದು ಹೊನ್ನೆಹಿತ್ತಲಿನಲ್ಲಿ, ಕಡಲಿಗೆ ಎದುರಾದ ಮನೆಯಲ್ಲಿ. ಅವಳಿಗೆ ಹನ್ನೊಂದಾದಾಗ ಊರು ಖಾಲಿ ಮಾಡಿಸಿ, ಜಾಗವನ್ನು ರಕ್ಷಿತ ಪ್ರದೇಶವೆಂದು ಬೇಲಿ ಹಾಕಿದರು. ನಾನಿನ್ನೂ ಹುಟ್ಟಿರಲಿಲ್ಲ. ಮನೆ ಕಿತ್ತುಕೊಂಡವರು ಬೇಲಿ ಹಾಕಿದವರೇ ಎಂದು ನಂಬಿದ ಅಕ್ಕ ಅಲ್ಲಿಯ ಕಚೇರಿಗೆ ವರ್ಷಕ್ಕೊಂದು ಬೈಗುಳದ ಕಾಗದ ಬರೆಯುತ್ತ ಬಂದಳು.

ಒಳಗೆ ಹೋಗಲು ಕಾಲುಚೀಟಿ ಬೇಕು, ಅಂದರೆ ಜೀವಮಾನಕ್ಕೆ ಒಮ್ಮೆ ಅಲ್ಲಿ ಕಾಲಿಡುವ ಪರವಾನಗಿ. ಒಂಬತ್ತು ವರ್ಷ ಕಾದ ಮೇಲೆ ನಮ್ಮಿಬ್ಬರಿಗೂ ಸಿಕ್ಕಿತು. ಹೊರಗಿನ ಬೀಜ ಒಳಗೆ ಬೀಳಬಾರದೆಂದು ಬಾಗಿಲಲ್ಲೇ ನಮ್ಮ ಪಾದ ತೊಳೆಸಿ, ಸೀರೆಯ ಅಂಚನ್ನು ಬ್ರಷ್ಷಿನಿಂದ ಉಜ್ಜಿದರು. ಕಾವಲಿನ ಹುಡುಗಿ ರಮೀಜಾ ಅಕ್ಕನ ಕೈ ಹಿಡಿದು ಹಲಗೆಯ ದಾರಿಯಲ್ಲಿ ನಡೆಸಿದಳು. ಮೊದಲು ಸುರಹೊನ್ನೆಯ ಕಾಡು, ಆಮೇಲೆ ಕೇದಗೆಯ ಮೆಳೆ, ಕೊನೆಗೆ ಬಳ್ಳಿ ಹಬ್ಬಿದ ಮರಳುದಿಬ್ಬ. ಹತ್ತಕ್ಕೆ ಬಿಸಿಲುಗಂಟೆ ಬಾರಿಸಿದ ಮೇಲೆ ಯಾರೂ ಬಯಲಲ್ಲಿ ಇರುವಂತಿಲ್ಲ. ಕೂತು ಎದ್ದು ನಾವು ದಿಬ್ಬದ ತುದಿ ತಲುಪುವಾಗ ಒಂಬತ್ತಾಗಿತ್ತು.

"ನಮ್ಮನೆ ಎಲ್ಲಿತ್ತು, ತೋರ್ಸು," ಎಂದಳು ಅಕ್ಕ.

ರಮೀಜಾ ಹಳೆಯ ನಕ್ಷೆ ಬಿಡಿಸಿ ನೋಡಿ, ನೀರಿನತ್ತ ಕೈ ಮಾಡಿದಳು. "ಅಲ್ಲಿ, ಅಮ್ಮ. ಕಡಲು ಒಳಗೆ ಬರ್ತದೆ ಅಂತ್ಲೇ ಊರು ಖಾಲಿ ಮಾಡ್ಸಿದ್ದು. ನೀವು ಹೋದ ಮೂರನೇ ವರ್ಷ ಮನೆನ ಕಡಲು ತಕಂಡು ಹೋಯ್ತು. ಮನೆ ಎದ್ರಿನ ದಿಬ್ಬನ ಹಿಂದಿನ ಕಾಲ್ದವ್ರೇ ಮರಳಿಗೆ ಅಂತ ಲಾರಿಲಿ ಹೊತ್ತು ಮುಗ್ಸಿದ್ರು. ತಡಿಯೂಕೆ ಎಂತದೂ ಇರ್ಲಿಲ್ಲ. ಈ ದಿಬ್ಬ ಆಮೇಲೆ ನಮ್ಮ ಕಚೇರಿಯವ್ರು ಬೆಳೆಸಿದ್ದು."

ಅಕ್ಕ ಹಲಗೆಯ ಮೇಲೆ ಕೂತಳು. "ಎಪ್ಪತ್ತು ವರ್ಷ ನಿಮ್ಮನ್ನ ಬೈದೆ."

"ಗೊತ್ತಮ್ಮ. ನಿಮ್ಮ ಕಾಗದ ಎಲ್ಲಾ ಕಚೇರಿಲಿ ಅದೆ. ಓದಿದ್ದೆ."

"ಹಂಗಾರೆ ನಾನು ಯಾರನ್ನ ಬೈಲಿ?"

ರಮೀಜಾ ನಕ್ಷೆ ಮಡಿಸಿದಳು. ನಾನು ಬುತ್ತಿಯ ಗಂಟು ಬಿಚ್ಚಿದೆ. ಕಟ್ಟಿಕೊಂಡು ಹೋಗಿದ್ದ ರೊಟ್ಟಿ ಮುಟ್ಟದೆ, ಗಂಟೆ ಬಾರಿಸುವ ತನಕ ಅಕ್ಕ ನೀರನ್ನೇ ನೋಡಿದಳು.

ಮರಳಿ ಬಂದ ಮೇಲೆ ಅವಳು ಬೈಯುವುದನ್ನು ಬಿಟ್ಟಿದ್ದಾಳೆ. ಇಷ್ಟು ವರ್ಷ ಅವಳನ್ನು ಹಿಡಿದು ನಿಲ್ಲಿಸಿದ್ದು ಆ ಸಿಟ್ಟೇ ಇರಬೇಕು. ಈಗ ಊಟಕ್ಕೆ ಕರೆದರೂ ಏಳುವುದಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾಳೆ.

ರಮೀಜಾ ಹೇಳಿದ ಆ ಹಿಂದಿನ ಕಾಲದವರು ನೀವೇ. ನಿಮ್ಮನ್ನು ಬೈಯಲು ನನಗೆ ಮನಸ್ಸಿಲ್ಲ, ದಣಿದಿದ್ದೇನೆ. ಒಂದೇ ಕೇಳಿಕೆ. ಮರಳು ಹೊರಲು ಮೊದಲ ಲಾರಿ ಬರುವ ದಿನ ಮನೆಯೊಳಗೆ ಕೂತಿರಬೇಡಿ. ಹೊರಗೆ ಬಂದು ದಾರಿಗೆ ಅಡ್ಡ ನಿಲ್ಲಿ.

ನಿಮ್ಮ ಮೊಮ್ಮಕ್ಕಳ ಮೊಮ್ಮಗಳು,
ಸುಮಿತ್ರೆ ಅಂಬಿಗ